ಹಳೆ ಕ್ಷೌರದ ಕತ್ತಿ ಕೊಳ್ಳುವಾಗ ಮೊದಲು ಬೆನ್ನು ನೋಡಿ

ನಮ್ಮ ತಾತ ತಿಪಟೂರಿನ ಸುತ್ತ ಹಳ್ಳಿಗಳಲ್ಲಿ ಕ್ಷೌರ ಮಾಡುತ್ತಿದ್ದರು. ಅವರ ಕತ್ತಿಯ ಮೇಲೆ ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಶಿಲುಬೆ ಇದೆ. ಅದು ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಅದನ್ನು ತಿಳಿಯಲು ಹೊರಟವನು ಈಗ 23 ಕತ್ತಿ ಸೇರಿಸಿದ್ದೇನೆ.

ಹೊಸಬರು ಹಿಡಿಯ ಅಂದ ನೋಡಿ ದುಡ್ಡು ಕೊಡುತ್ತಾರೆ. ನೀವು ಅಲಗಿನ ಬೆನ್ನು ನೋಡಿ. ಸಾಣೆ ಹಿಡಿಯುವಾಗ ಕತ್ತಿಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸುತ್ತಾರೆ. ಬಾಯಿಯ ಜೊತೆ ಬೆನ್ನೂ ಸವೆಯುತ್ತದೆ. ಬೆನ್ನಿನ ಅಂಚಿನಲ್ಲಿ ದಾರದಷ್ಟು ಸಣ್ಣ ಚಪ್ಪಟೆ ಗೆರೆ ಇದ್ದರೆ ಕತ್ತಿಗೆ ಇನ್ನೂ ಆಯಸ್ಸಿದೆ. ಅಗಲವಾದ ಪಟ್ಟಿಯೇ ಇದ್ದರೆ ಅದು ತುಂಬಾ ದುಡಿದಿದೆ ಅಂತ ಅರ್ಥ. ತಾತನ ಕತ್ತಿ ಹಾಗೇ ಇದೆ. ಅದು ನನಗೆ ಪ್ರಾಣ, ಆದರೆ ಅಂಥದ್ದನ್ನು ಸಂತೆಯಲ್ಲಿ ದುಡ್ಡು ಕೊಟ್ಟು ತರುವುದಿಲ್ಲ.

ಆಮೇಲೆ ಬಾಯಿ. ಸಣ್ಣ ಮುಕ್ಕು ಸಾಣೆಯಲ್ಲಿ ಹೋಗುತ್ತದೆ, ಬಿರುಕು ಹೋಗುವುದಿಲ್ಲ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನಿಧಾನವಾಗಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟು ಬನ್ನಿ. ಬಾಯಿಗೆ ತೀರಾ ಹತ್ತಿರ ಆಳವಾದ ತುಕ್ಕಿನ ಗುಳಿ ಇದ್ದರೂ ಬೇಡ.

ಕಾಲ ತಿಳಿಯಲು ಅಕ್ಷರ ಓದಿ. ಕಿರೀಟದ ಜೊತೆ 'ವಿ ಆರ್' ಇದ್ದರೆ ರಾಣಿ ವಿಕ್ಟೋರಿಯಾ ಕಾಲ, ಅಂದರೆ 1837ರಿಂದ 1901. ಹೊರಗಿಂದ ಬರುವ ಸರಕಿನ ಮೇಲೆ ದೇಶದ ಹೆಸರಿರಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ 'ಇಂಗ್ಲೆಂಡ್', 'ಜರ್ಮನಿ' ಅಂತಿದ್ದರೆ ಅದು ಹೆಚ್ಚಾಗಿ ಆಮೇಲಿನದು. ಜೋಡಿ ಮನುಷ್ಯರ ಗುರುತು ಜರ್ಮನಿಯ ಝೋಲಿಂಗೆನ್‌ನ ಹೆಂಕೆಲ್ಸ್ ಕಂಪನಿಯದು. ಆ ಗುರುತು ನೋಂದಣಿಯಾದದ್ದು 1731ರಲ್ಲಿ.

ಹಿಡಿ ದಂತದ್ದು ಅಂದರೆ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ಕೊಂಬಿನ ಹಿಡಿಯಲ್ಲಿ ಹುಳ ತಿಂದ ಗುಳಿ ಇದೆಯಾ ನೋಡಿ, ಅಷ್ಟೇ.

ಸೆಲ್ಯುಲಾಯ್ಡ್, ಅಂದರೆ ಹಳೆ ಕಾಲದ ಒಂದು ಥರದ ಪ್ಲಾಸ್ಟಿಕ್, ಅದರ ಹಿಡಿ ವಿಷಯ ಮಾತ್ರ ದಯವಿಟ್ಟು ನೆನಪಿಡಿ. ದಂತದ ಹಾಗೆ, ಆಮೆಚಿಪ್ಪಿನ ಹಾಗೆ ಕಾಣುವ ಎಷ್ಟೋ ಹಿಡಿಗಳು ಸೆಲ್ಯುಲಾಯ್ಡ್‌ನವೇ. ಬೆರಳಿನಿಂದ ಜೋರಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಹಳೆಯದಾದಂತೆ ಅದು ಕೊಳೆಯಲು ಶುರುವಾಗುತ್ತದೆ, ಆಮ್ಲದ ಆವಿ ಬಿಡುತ್ತದೆ, ಆ ಆವಿ ಉಕ್ಕನ್ನು ತಿನ್ನುತ್ತದೆ. ನಾನು ಅಂಥದ್ದೊಂದನ್ನು ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಒಂದು ಮಳೆಗಾಲ ಕಳೆದು ತೆಗೆದರೆ ಪಕ್ಕದ ಎರಡು ಒಳ್ಳೆ ಕತ್ತಿಗಳಿಗೂ ತುಕ್ಕು! ಆ ದಿನ ಊಟ ಸೇರಲಿಲ್ಲ. ಈಗ ಅವುಗಳನ್ನು ಬೇರೆಯಾಗಿ, ಗಾಳಿಯಾಡುವ ಕಡೆ, ಒಲೆಯಿಂದ ದೂರ ಇಡುತ್ತೇನೆ. ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತದೆ ಅದು.

ಉಜ್ಜಿ ಹೊಳಪು ತರುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಅಲಗಿನ ಮೇಲೆ ಚಿನ್ನದ ಬಣ್ಣದ ಬರಹ ಇದ್ದರೆ ಪಾಲಿಶ್ ಮುಟ್ಟಿಸಬೇಡಿ. ಎರಡು ಸಲ ಉಜ್ಜಿದರೆ ಬರಹವೇ ಮಾಯ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಹೊಲಿಗೆ ಮಷೀನ್ ಎಣ್ಣೆ ಸವರಿ. ತೊಗಲಿನ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಂದೊಂದನ್ನೂ ತೆರೆದು, ಹಿಡಿಯ ಒಳಗೆ ಅಡಗುವ ಭಾಗವನ್ನೂ ನೋಡಿ. ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲೇ, ಅಲಗು ಮಡಚುವ ಮೊಳೆಯ ಹತ್ತಿರ.