ಲೈಟ್ ಹಾಕಿದರೆ ಪೆಟ್ರೋಲ್ ಏರುವ ಕಾರು

ಶಿರಸಿಯಲ್ಲಿ ಕೊಂಡ ಹಳೆಯ ಮಾರುತಿ 800 ಅನ್ನು ಕಾರವಾರಕ್ಕೆ ತರುವಾಗ ದೇವಿಮನೆ ಘಾಟಿಯಲ್ಲೇ ಕತ್ತಲಾಯಿತು. ಹೆಡ್‌ಲೈಟ್ ಹಾಕಿದೆ. ಟೆಂಪರೇಚರ್ ಮುಳ್ಳು ಮೇಲೇರಿತು. ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರೆ ಹಬೆ ಇಲ್ಲ, ಕೂಲೆಂಟ್ ಬಾಟಲಿಯೂ ಸರಿಯಾಗಿಯೇ ಇದೆ. (ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.) ಪಕ್ಕದ ಸೀಟಿನಿಂದ ಹೆಂಡತಿ ಹೇಳಿದಳು, "ರೀ, ಲೈಟ್ ಹಾಕಿದ್ಮೇಲೆ ಪೆಟ್ರೋಲೂ ಏರ್ತಿದೆ ನೋಡಿ!"

ಹೌದು. ರಿಸರ್ವ್‌ನಲ್ಲಿದ್ದ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಲೈಟ್ ಆರಿಸಿದರೆ ಎರಡೂ ಕೆಳಗೆ.

ಅವಳ ಆ ಮಾತಿನಲ್ಲೇ ಉತ್ತರ ಇತ್ತು. ನಾನು ಕೇಳಲಿಲ್ಲ. ಊರಿಗೆ ಬಂದು ಗ್ಯಾರೇಜೊಂದರಲ್ಲಿ ಟೆಂಪರೇಚರ್ ಸೆನ್ಸರ್ ಬದಲಿಸಿಕೊಂಡೆ. ದುಡ್ಡು ಹೋಯಿತು, ಮುಳ್ಳು ಏರುವುದು ನಿಲ್ಲಲಿಲ್ಲ.

ಒಂದೇ ಮುಳ್ಳು ತಪ್ಪು ತೋರಿಸಿದರೆ ಅದರ ಸೆನ್ಸರ್ ಅಥವಾ ಅದರ ವೈರ್ ಮೇಲೆ ಅನುಮಾನ ಪಡಿ. ಎರಡೂ ಒಟ್ಟಿಗೆ ಕುಣಿದರೆ ಅವೆರಡಕ್ಕೂ ಸೇರಿದ್ದು ಯಾವುದು ಎಂದು ಹುಡುಕಿ. ಹೆಚ್ಚಾಗಿ ಅದು ಮೀಟರ್ ಬೋರ್ಡಿನ ಅರ್ಥ್ ವೈರ್, ಅಂದರೆ ಕರೆಂಟನ್ನು ಬ್ಯಾಟರಿಯ ಮೈನಸ್ಸಿಗೆ ವಾಪಸ್ ಕಳಿಸಲು ಕಾರಿನ ಬಾಡಿಗೆ ಬೋಲ್ಟಿನಿಂದ ಬಿಗಿದ ವೈರ್. ಆ ಜಾಯಿಂಟ್ ಕೆಟ್ಟರೆ ಮೀಟರ್ ದೀಪಗಳ ಕರೆಂಟ್ ವಾಪಸ್ ಹೋಗಲು ಒದ್ದಾಡುತ್ತದೆ, ಆಗ ಮುಳ್ಳುಗಳ ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಉಪ್ಪು ಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಬೋಲ್ಟಿಗೆ ಕಿಲುಬು ಹಿಡಿಯದೆ ಇರುತ್ತದೆಯೇ?

ಕಣ್ಣಿಗೆ ಕಾಣದ್ದು ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರಿಗೆ ಕಾಣುತ್ತದೆ. 20 ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಕಡ್ಡಿ ಮೀಟರ್ ಬೋರ್ಡಿನ ಅರ್ಥ್ ವೈರಿಗೆ. ಕೀ ಆನ್ ಮಾಡಿ, ಹೆಡ್‌ಲೈಟ್ ಹಾಕಿ. 0.2 ವೋಲ್ಟಿನ ಒಳಗಿದ್ದರೆ ಚಿಂತೆ ಇಲ್ಲ. ನನ್ನದು 1.4 ತೋರಿಸಿತು. ವೈರ್ ಹಿಡಿದು ಹೋದರೆ ಡ್ಯಾಶ್‌ಬೋರ್ಡಿನ ಕೆಳಗೆ, ಬಲಮೂಲೆಯಲ್ಲಿ ಒಂದು ಬೋಲ್ಟ್. ಮುಂದಿನ ಗಾಜಿನ ರಬ್ಬರಿನಿಂದ ನೀರು ಇಳಿದು ಅಲ್ಲೇ ನಿಲ್ಲುತ್ತಿತ್ತು. ಬಿಚ್ಚಿದರೆ ಲಗ್ಗಿನ (ವೈರ್ ತುದಿಯ ಲೋಹದ ಬಳೆಯ) ಕೆಳಗೆ ಪುಡಿಪುಡಿ ಹಸಿರು.

ಮೊದಲು ಬ್ಯಾಟರಿಯ ಮೈನಸ್ ಕಳಚಿ. ಲಗ್ಗನ್ನೂ ಬಾಡಿಯನ್ನೂ ಲೋಹ ಹೊಳೆಯುವವರೆಗೆ ಎಮರಿ ಪೇಪರಿನಿಂದ ಉಜ್ಜಿ. ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ. ಮುಗಿಸಿ ನೋಡಿದರೆ 0.05. ಮುಳ್ಳುಗಳು ಅಲುಗಲಿಲ್ಲ. ನೀರು ಇಳಿಯುವ ಜಾಗವನ್ನೂ ಮುಚ್ಚಿಸಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ.

ಸೆಲ್ಫ್ ಎಳೆಯದಿದ್ದರೂ ಇದೇ ಉಪಾಯ. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಬ್ಯಾಟರಿ ಮೈನಸ್ಸಿಗೂ ಇಂಜಿನಿನ ಬರಿ ಲೋಹಕ್ಕೂ ಮಧ್ಯೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಇಂಜಿನ್ನಿನ ಅರ್ಥ್ ಕೇಬಲ್ ನೋಡಿ. ಹೊಸ ಬ್ಯಾಟರಿ ಆಮೇಲೆ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟಿನ ಹತ್ತಿರ, ಇಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಓಡುವಾಗಲೂ ಏರದಿದ್ದರೆ ಬೆಲ್ಟ್, ಆಲ್ಟರ್ನೇಟರ್ ಪರೀಕ್ಷಿಸಿ.

ಫ್ಯೂಸ್ ಪದೇ ಪದೇ ಹೋಗುತ್ತಿದೆಯೇ? ದೊಡ್ಡ ಆಂಪಿಯರಿನದು ಹಾಕಿ ಸುಮ್ಮನಾಗಬೇಡಿ. ಫ್ಯೂಸ್ ಉಳಿದು ವೈರ್ ಸುಡುತ್ತದೆ.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸತ್ತಿರುವುದೂ ನನಗೆ ಆಯಿತು. ಎಲ್ಲ ಆಫ್ ಮಾಡಿ, ಮೈನಸ್ ಕೇಬಲ್ ತೆಗೆದು, ಆ ಕೇಬಲ್ಲಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ಮಧ್ಯೆ ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಸೇರಿಸಿದೆ. ಆಗ ಕೀ ತಿರುಗಿಸಬಾರದು, ಮಲ್ಟಿಮೀಟರ್ ಕೆಡುತ್ತದೆ. ಇಂಥ ಹಳೆ ಕಾರಿಗೆ 50 ಮಿಲಿಆಂಪಿಯರಿಗಿಂತ ಜಾಸ್ತಿ ಎಳೆತ ಇರಬಾರದು. ನನ್ನದು 300 ಎಳೆಯುತ್ತಿತ್ತು. ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ, ಯಾವುದಕ್ಕೂ ಇಳಿಯಲಿಲ್ಲ. ಕೊನೆಗೆ ಸಿಕ್ಕಿದ್ದು ಹಿಂದಿನ ಮಾಲೀಕರು ಫ್ಯೂಸೇ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟಿದ್ದ ಸ್ಟೀರಿಯೋ ವೈರ್.