ಕಸದಿಂದ ರಸ ಸಾಕು, ಮಕ್ಕಳನ್ನು ಗುಜರಿ ಅಂಗಡಿಗೆ ಕರೆದುಕೊಂಡು ಹೋಗಿ

ಜೂನ್ 5, ಪರಿಸರ ದಿನ ಬಂತು ಅಂದ್ರೆ ಶಾಲೆಗಳಲ್ಲಿ 'ಕಸದಿಂದ ರಸ' ಸ್ಪರ್ಧೆ. ನಾನೂ ಮಾಡಿಸಿದ್ದೇನೆ. ಒಂದು ಸಲ ಒಬ್ಬ ಹುಡುಗ ಪೆನ್ ಸ್ಟ್ಯಾಂಡ್ ಮಾಡಲಿಕ್ಕೆ ಬಾಟಲಿ ಬೇಕು ಅಂತ ಅಂಗಡಿಯಿಂದ ಹೊಸ ಜ್ಯೂಸ್ ಬಾಟಲಿ ಕೊಂಡು, ಅರ್ಧ ಕುಡಿದು ಅರ್ಧ ಚೆಲ್ಲಿ, ಅದಕ್ಕೆ ಗಮ್ಮು, ಥರ್ಮಾಕೋಲ್, ಮಿನುಗುವ ಪುಡಿ ಎಲ್ಲ ಅಂಟಿಸಿ ತಂದ. ಮೊದಲ ಬಹುಮಾನವೂ ಬಂತು! ಅಂಟಿಸುವ ಮೊದಲು ಅದನ್ನು ಗುಜರಿಯವರು ತಗೊಳ್ತಿದ್ದರು. ಆಮೇಲೆ ಅದು ನಿಜವಾದ ಕಸ.

ಹಾಗಾಗಿ ಈಗ ಬೇರೆ ದಾರಿ ಹಿಡಿದಿದ್ದೇನೆ. ಐದರಿಂದ ಏಳನೇ ತರಗತಿಗೆ ಚೆನ್ನಾಗಿ ಹೊಂದುತ್ತದೆ.

ಮೊದಲು ಕಸ ಎಣಿಸಿ. ಒಂದು ವಾರ ದಿನಾ ಸಂಜೆ ಕ್ಲಾಸಿನ ಕಸದ ಡಬ್ಬವನ್ನು ಹಳೇ ಪೇಪರಿನ ಮೇಲೆ ಸುರಿಯಿರಿ. ಮಕ್ಕಳು ಕೈ ಹಾಕುವ ಮೊದಲು ನೀವೇ ಒಮ್ಮೆ ನೋಡಿ, ಪೆನ್ಸಿಲ್ ಕೆತ್ತಿದ ಬ್ಲೇಡ್ ಇದ್ದೇ ಇರುತ್ತದೆ. ಕೋಲಿನಿಂದ ಬೇರೆ ಬೇರೆ ಗುಂಪು ಮಾಡಿಸಿ, ಲೆಕ್ಕವನ್ನು ಬೋರ್ಡಿನ ಮೂಲೆಯಲ್ಲಿ ಬರೆಸಿ, ಆಮೇಲೆ ಸೋಪು ಹಾಕಿ ಕೈ ತೊಳೆಸಿ. ಹರಿದ ನೋಟ್‌ಬುಕ್ ಹಾಳೆ ಮತ್ತು ಚಿಪ್ಸ್ ಪ್ಯಾಕೆಟ್ ಜಾಸ್ತಿ ಸಿಗುತ್ತವೆ. ಬೆಂಗಳೂರಿನವರಾದರೆ ಹಸಿರು ಬಕೆಟ್ಟಿಗೆ ಹಸಿ ಕಸ, ಕೆಂಪು ಬಕೆಟ್ಟಿಗೆ ಡಯಾಪರ್, ಬ್ಯಾಂಡೇಜ್ ತರಹದ್ದು, ಚೀಲಕ್ಕೆ ಒಣ ಕಸ ಅನ್ನುವ ಲೆಕ್ಕವನ್ನೂ ಇಲ್ಲೇ ಹೇಳಿಬಿಡಿ.

ವಾರದ ಕೊನೆಗೆ ಆ ಕಸವನ್ನೇ ಚೀಲಕ್ಕೆ ತುಂಬಿಕೊಂಡು ಹತ್ತಿರದ ಗುಜರಿ ಅಂಗಡಿಗೆ ಹೋಗಿ. ಹಿಂದಿನ ದಿನವೇ ಅಂಗಡಿಯವರನ್ನು ಕೇಳಿರಿ, ವ್ಯಾಪಾರ ಕಮ್ಮಿ ಇರುವ ಹೊತ್ತು ನೋಡಿ. ಹತ್ತು ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಬೇಡ. ನೀವು ಪಾಠ ಮಾಡಬೇಡಿ, ಸುಮ್ನೆ ನಿಂತಿರಿ. "ಅಣ್ಣಾ, ಇದು ತಗೊಳ್ತೀರಾ?" ಅಂತ ಮಕ್ಕಳೇ ಒಂದೊಂದನ್ನೇ ಎತ್ತಿ ತೋರಿಸಲಿ. ರಟ್ಟಿಗೊಂದು ರೇಟು, ನ್ಯೂಸ್ ಪೇಪರಿಗೊಂದು, ಬಿಳಿ ಹಾಳೆಗೊಂದು. ತೊಳೆದು ಒಣಗಿಸಿದ ಹಾಲಿನ ಕವರನ್ನೂ ಎಷ್ಟೋ ಕಡೆ ತಗೊಳ್ಳುತ್ತಾರೆ. ರೇಟನ್ನೆಲ್ಲ ಬರೆದುಕೊಂಡು ಬಂದರೆ ಮುಂದಿನ ವಾರದ ಗಣಿತದ ಲೆಕ್ಕ ತಯಾರು.

ಚಿಪ್ಸ್ ಪ್ಯಾಕೆಟ್ ಮಾತ್ರ ವಾಪಸ್ ಬರುತ್ತದೆ. ಯಾಕೆ? ಕ್ಲಾಸಿಗೆ ಬಂದು ಒಂದನ್ನು ಕತ್ತರಿಸಿ ಒಳಗಿನ ಬೆಳ್ಳಿ ಬಣ್ಣ ತೋರಿಸಿ. ಪ್ಲಾಸ್ಟಿಕ್ ಪದರಗಳಿಗೆ ತೆಳ್ಳಗಿನ ಲೋಹದ ಲೇಪ ಅಂಟಿಕೊಂಡಿದೆ, ಬಿಡಿಸುವುದು ತುಂಬಾ ಕಷ್ಟ, ಬಿಡಿಸಿದರೂ ಆ ಖರ್ಚಿಗೆ ಗಿಟ್ಟುವುದಿಲ್ಲ. ಬಾಟಲಿ ತಳದ ತ್ರಿಕೋನದಲ್ಲಿರುವ ನಂಬರನ್ನೂ ಹುಡುಕಲು ಹೇಳಿ. ನೀರಿನ ಬಾಟಲಿ 1, ಶಾಂಪೂ ಬಾಟಲಿ ಹೆಚ್ಚಾಗಿ 2. ನಂಬರ್ ಇದ್ದ ಮಾತ್ರಕ್ಕೆ ಮರುಬಳಕೆ ಆಗುತ್ತದೆ ಅಂತಲ್ಲ, ಅದು ಯಾವ ಜಾತಿಯ ಪ್ಲಾಸ್ಟಿಕ್ ಅನ್ನುವ ಗುರುತು ಅಷ್ಟೇ. ಇದನ್ನು ದೊಡ್ಡವರೂ ತಪ್ಪು ತಿಳಿದಿರುತ್ತಾರೆ.

ಇನ್ನು ಮಕ್ಕಳಿಗೆ ಹಬ್ಬ ಅಂದ್ರೆ ಕಾಗದ ಮಾಡುವುದು. ಇದಕ್ಕೆ ಎರಡು ದಿನ ಇಟ್ಟುಕೊಳ್ಳಿ. ಹತ್ತು ಹದಿನೈದು ಹಳೇ ಹಾಳೆಗಳ ಪಿನ್ ತೆಗೆದು, ಉಗುರಿನಷ್ಟು ಸಣ್ಣಗೆ ಹರಿದು ರಾತ್ರಿಯೆಲ್ಲ ನೆನೆಹಾಕಿ. ಮಾರನೇ ದಿನ ಮಿಕ್ಸಿಯ ಹಳೇ ಜಾರಿನಲ್ಲಿ ಸ್ವಲ್ಪ ಸ್ವಲ್ಪವೇ, ಧಾರಾಳವಾಗಿ ನೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲದಿದ್ದರೆ ಮೋಟಾರು ಬಿಸಿಯಾಗುತ್ತದೆ. ರುಬ್ಬಿದ್ದನ್ನು ಅಗಲ ಟಬ್ಬಿಗೆ ಹಾಕಿ, ನೀರು ಮಜ್ಜಿಗೆಯಷ್ಟು ತೆಳ್ಳಗಾಗುವ ತನಕ ನೀರು ಬೆರೆಸಿ. ಒಡೆದ ಸ್ಲೇಟಿನ ಮರದ ಚೌಕಟ್ಟಿಗೆ ಸೊಳ್ಳೆ ಜಾಲರಿ ಬಿಗಿಯಾಗಿ ಎಳೆದು ಮೊಳೆ ಹೊಡೆದರೆ ಅಚ್ಚು ಸಿದ್ಧ. ಅದನ್ನು ಟಬ್ಬಿನ ತಳದವರೆಗೆ ಮುಳುಗಿಸಿ, ಓರೆಯಾಗದ ಹಾಗೆ ನಿಧಾನವಾಗಿ ಮೇಲೆತ್ತಬೇಕು. ನೀರು ಬಸಿದ ಮೇಲೆ ಹಳೇ ಪಂಚೆಯ ಮೇಲೆ ಕವುಚಿ, ಜಾಲರಿಯ ಹಿಂಬದಿಯಿಂದ ಬಟ್ಟೆ ಒತ್ತಿ ನೀರು ಹೀರಿಸಿ, ಅಚ್ಚನ್ನು ಮೆಲ್ಲಗೆ ಎತ್ತಿ, ಪಂಚೆಯ ಮೇಲೆ ಉಳಿದ ಹಾಳೆ ಒಣಗಲಿ. ಮೊದಲ ಎರಡು ಮೂರು ಹಾಳೆ ಹರಿಯುತ್ತವೆ, ಹರಿಯಲಿ, ಮತ್ತೆ ಟಬ್ಬಿಗೇ ಹಾಕಿ. ಉಳಿದ ನೀರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ ಗಿಡಕ್ಕೆ ಹಾಕಿ.

"ಮಿಸ್, ಬೂದು ಬಣ್ಣ ಬಂತು, ದಪ್ಪ ಆಯ್ತು" ಅಂತ ಮುಖ ಸಣ್ಣ ಮಾಡುತ್ತಾರೆ. ಅದೇ ಒಳ್ಳೆ ಸಮಯ. ಬಣ್ಣಕ್ಕೆ ಕಾರಣ ಶಾಯಿ. ಹಾಳೆ ಹರಿದ ಅಂಚನ್ನು ಬೆಳಕಿಗೆ ಹಿಡಿಸಿ, ಸಣ್ಣ ನಾರು ಕಾಣುತ್ತದೆ. ಪ್ರತಿ ಸಲ ಅರೆದಾಗಲೂ ಆ ನಾರು ಇನ್ನಷ್ಟು ಗಿಡ್ಡ ಆಗುತ್ತದೆ, ಹಾಗಾಗಿ ಕಾಗದವನ್ನು ಸುಮಾರು ಐದಾರು ಸಲ ಮರುಬಳಕೆ ಮಾಡಬಹುದು, ಆಮೇಲೆ ಗಟ್ಟಿ ಇರಲ್ಲ. ಗಾಜು, ಅಲ್ಯೂಮಿನಿಯಂ ಹಾಗಲ್ಲ, ಎಷ್ಟು ಸಲ ಕರಗಿಸಿದರೂ ಮತ್ತೆ ಅದೇ.

ಜಾಗ ಇದ್ದರೆ ಬಾಳೆ ಎಲೆ, ಹತ್ತಿ ಬಟ್ಟೆ, ಪೇಪರ್, ಬಿಸ್ಕೆಟ್ ಕವರ್ ನಾಲ್ಕನ್ನೂ ಬೇರೆ ಬೇರೆ ಗುಂಡಿಯಲ್ಲಿ ಹೂತು ದಿನಾ ನೀರು ಚಿಮುಕಿಸಿ, ತಿಂಗಳ ನಂತರ ಅಗೆಸಿ. ಗುರುತಿಗೆ ಕಡ್ಡಿ ನೆಡಲು ಮರೆಯಬೇಡಿ, ನಾನು ಮರೆತು ಅರ್ಧ ತೋಟ ಅಗೆಸಿದ್ದೆ.

ಇಷ್ಟಾದ ಮೇಲೂ ಜೂನ್ 5ಕ್ಕೆ ಸ್ಪರ್ಧೆ ಮಾಡಲೇಬೇಕು ಅಂತಾದರೆ ಮಾಡಿ, ಬೇಡ ಅನ್ನಲ್ಲ. ತೀರ್ಪುಗಾರರಾಗಿ ಮಾತ್ರ ಆ ಗುಜರಿ ಅಂಗಡಿಯವರನ್ನೇ ಕರೆಯಿರಿ.