ಮರೆವು ಆರಂಭವಾದ ಹಿರಿಯರಿಗೆ ಧ್ಯಾನ ರೂಢಿಸುವುದು ಹೇಗೆ?

ಮರೆವು ಕಾಣಿಸಿಕೊಂಡ ತಂದೆತಾಯಿಯರನ್ನು ಧ್ಯಾನಕ್ಕೆ ಕೂರಿಸಿದ ಹಲವು ಮನೆಗಳಲ್ಲಿ ಎರಡನೆಯ ವಾರಕ್ಕೇ ಅದು ನಿಂತುಹೋಗುವುದನ್ನು ಕಂಡಿದ್ದೇನೆ. ಮೊದಲ ಸಲ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಕಲಿಸುವವರು ಅದನ್ನು ನೆನಪಿನ ಪರೀಕ್ಷೆಯಾಗಿಸಿಬಿಡುವುದೇ ಬಹುತೇಕ ಕಡೆ ಇದಕ್ಕೆ ಕಾರಣ. ಇಟ್ಟ ವಸ್ತು, ಪರಿಚಿತರ ಹೆಸರು ಮರೆಯುತ್ತಿದ್ದರೂ ಸ್ನಾನ, ಊಟಗಳನ್ನು ತಾವೇ ನೋಡಿಕೊಳ್ಳುವ ಹಿರಿಯರಿಗೆ ಇಲ್ಲಿನ ಕ್ರಮ ಹೊಂದುತ್ತದೆ.

ಮೊದಲು ವೈದ್ಯರನ್ನು ಕಾಣಿ. ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಿರಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ರೆಮಾತ್ರೆ ಹಾಗೂ ಅಲರ್ಜಿ ಮಾತ್ರೆಗಳಿಂದಲೂ ಮರೆವು ಬರಬಹುದು, ಇವುಗಳಿಗೆ ಪರಿಹಾರವೂ ಇದೆ. ಕಿವಿ ಸರಿಯಾಗಿ ಕೇಳಿಸುತ್ತಿದೆಯೇ ಎಂದೂ ಪರೀಕ್ಷೆ ಮಾಡಿಸಿ. ಜಾಹೀರಾತಿನ ‘ನೆನಪಿನ ಶಕ್ತಿ’ ಟಾನಿಕ್ಕಿಗೆ ಹಣ ಸುರಿಯಬೇಡಿ.

ಎರಡನೆಯದಾಗಿ, ಏನನ್ನು ನಿರೀಕ್ಷಿಸಬೇಕೆಂದು ತಿಳಿದಿರಲಿ. ಇಲ್ಲಿ ಹೇಳುವುದು ಮೈಂಡ್‌ಫುಲ್‌ನೆಸ್ ಅಥವಾ ಸಾವಧಾನ ಧ್ಯಾನ, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಹಾಗೆಯೇ ಗಮನಿಸುವುದು. ಇದನ್ನು ಎಂಟು ವಾರಗಳ ತರಬೇತಿಯಾಗಿ ವಿಜ್ಞಾನಿ ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದರು. ಅಮೆರಿಕದಲ್ಲೇ, ನೆನಪು ಕುಂದುತ್ತಿದೆಯೆಂದು ತಾವೇ ಹೇಳಿಕೊಂಡ, ಆದರೆ ಡಿಮೆನ್ಷಿಯಾ (ದಿನದ ಬದುಕನ್ನೇ ಕೆಡಿಸುವ ಮರೆವಿನ ಕಾಯಿಲೆ) ಇಲ್ಲದ 65ರಿಂದ 84 ವರ್ಷದ 585 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಈ ಧ್ಯಾನದಿಂದಾಗಲಿ ವ್ಯಾಯಾಮದಿಂದಾಗಲಿ ನೆನಪಿನಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಆದ್ದರಿಂದ ‘ಧ್ಯಾನ ಮಾಡಿದರೆ ಮರೆವು ಹೋಗುತ್ತದೆ’ ಎಂದು ಹಿರಿಯರಿಗೆ ಮಾತು ಕೊಡಬೇಡಿ. ಮರೆವಿಗಿಂತ ಹೆಚ್ಚಾಗಿ ಅವರನ್ನು ಕಾಡುವ ಆತಂಕ ಮತ್ತು ನಿದ್ರೆಗೇಡು ಕಡಿಮೆಯಾದರೂ ಅದು ದೊಡ್ಡ ಲಾಭವೇ. ರಕ್ತದೊತ್ತಡ, ಸಕ್ಕರೆಗಳ ಹತೋಟಿ ಮತ್ತು ದಿನದ ನಡಿಗೆ ಎಂದಿನಂತೆ ನಡೆಯಲೇಬೇಕು.

ಸ್ಥಳ ಮತ್ತು ಹೊತ್ತು ಸುಲಭ: ಕೈಯಿರುವ ಗಟ್ಟಿ ಕುರ್ಚಿ, ನೆಲಕ್ಕೆ ತಾಗಿದ ಪಾದ, ಟಿವಿ ಆಫ್, ಬೆಳಗಿನ ತಿಂಡಿಯ ನಂತರ. ಸಂಜೆ ಅನೇಕರಿಗೆ ಗೊಂದಲ ಹೆಚ್ಚುವುದರಿಂದ ಆ ಹೊತ್ತು ಬೇಡ.

ಗಮನ ನಿಲ್ಲಿಸಲು ಎಲ್ಲರೂ ಉಸಿರನ್ನು ಸೂಚಿಸುತ್ತಾರೆ. ನಾನು ಅಂಗೈಯನ್ನು ಸೂಚಿಸುತ್ತೇನೆ. ಪ್ರಾಣಾಯಾಮದ ರೂಢಿಯಿರುವವರು ‘ಉಸಿರು’ ಎಂದೊಡನೆ ಅದನ್ನು ಬಿಗಿಹಿಡಿಯುತ್ತಾರೆ, ರಕ್ತದೊತ್ತಡ ಅಥವಾ ಹೃದ್ರೋಗ ಇದ್ದವರಿಗೆ ಅದು ಒಳ್ಳೆಯದಲ್ಲ. ಉಗುರುಬೆಚ್ಚಗಿನ ನೀರನ್ನು ಅರ್ಧ ತುಂಬಿದ ಸ್ಟೀಲ್ ಲೋಟವನ್ನು ಎರಡೂ ಕೈಗೆ ಕೊಡಿ. ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿಯುವವರಾದರೆ ಫ್ಯಾನಿನ ಸದ್ದು ಸಾಕು. ಕಣ್ಣು ತೆರೆದೇ ಇರಲಿ.

ಅಭ್ಯಾಸ ಕೆಡುವುದು ಇದರ ಮುಂದಿನ ಹಂತದಲ್ಲಿ, ಸೂಚನೆ ಕೊಡುವಾಗ. ಉದ್ದನೆಯ ಸೂಚನೆಯ ಕೊನೆ ತಲುಪುವಷ್ಟರಲ್ಲಿ ಅವರಿಗೆ ಅದರ ಆರಂಭವೇ ಮರೆತಿರುತ್ತದೆ. ಹಾಗಾಗಿ ಏನು ಮಾಡಬೇಕೆಂಬ ನೆನಪಿನ ಭಾರವನ್ನು ನಿಮ್ಮ ದನಿಯೇ ಹೊರಬೇಕು. ಪ್ರತಿದಿನವೂ ಒಂದಕ್ಷರ ಬದಲಿಸದೆ ಇಷ್ಟೇ ಹೇಳಿ: “ಅಮ್ಮಾ, ಲೋಟ ಬೆಚ್ಚಗಿದೆ. ಕೈಗೆ ಹೇಗಾಗ್ತಿದೆ ನೋಡು. ಮನಸ್ಸು ಎಲ್ಲಾದರೂ ಹೋದರೆ ಹೋಗಲಿ, ಮತ್ತೆ ಕೈಗೆ ಬಾ.” ಅತ್ತೆಗೆ ಹೇಳುವವರು ‘ನೋಡಿ, ಬನ್ನಿ’ ಎನ್ನಲಿ. ಹದಿನೈದು ಸೆಕೆಂಡು ಸುಮ್ಮನಿದ್ದು, ಮತ್ತೆ ಅದನ್ನೇ ಹೇಳಿ. ನಡುವೆ ಅವರು “ಗ್ಯಾಸ್ ಆಫ್ ಮಾಡಿದ್ನಾ?” ಎಂದು ಕೇಳಿದರೆ “ಈಗ ಮಾತಾಡಬಾರದು” ಎಂದು ತಡೆಯುವುದೇ ದೊಡ್ಡ ತಪ್ಪು, ಏಕೆಂದರೆ ಉತ್ತರ ಸಿಗದ ಆತಂಕ ಅಲ್ಲಿಯೇ ಸುತ್ತುತ್ತಿರುತ್ತದೆ. “ಆಫ್ ಆಗಿದೆ ಅಮ್ಮಾ. ಲೋಟ ಇನ್ನೂ ಬೆಚ್ಚಗಿದೆಯಾ?” ಎನ್ನಿ. ಮರಳಿ ಕರೆತರುವ ಪ್ರಶ್ನೆಗೆ ಉತ್ತರ ಆ ಕ್ಷಣದ ಅಂಗೈಯಲ್ಲೇ ಸಿಗುವಂತಿರಬೇಕು, ನೆನಪನ್ನು ತಡಕುವಂತಿರಬಾರದು. ಅದೇ ಪ್ರಶ್ನೆ ಐದು ಸಲ ಬಂದರೆ ಐದು ಸಲವೂ ಅದೇ ದನಿಯಲ್ಲಿ ಉತ್ತರಿಸಿ. ತೀರಿಹೋದ ಸೋದರಮಾವ ಊಟಕ್ಕೆ ಬರುತ್ತಾನೆಂದರೆ ತಿದ್ದಲು ಹೋಗದೆ, “ಮಾವನ ನೆನಪು ಬಂತಾ?” ಎಂದು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಂಡು, ಆಮೇಲೆ ಲೋಟಕ್ಕೆ ಬನ್ನಿ. ಮುಗಿದ ಮೇಲೆ “ಏನನ್ನಿಸಿತು?” ಎಂದು ಕೇಳಲೇಬೇಡಿ, ಅದೂ ನೆನಪಿನ ಪರೀಕ್ಷೆಯೇ.

ಮೊದಲ ವಾರ ಮೂರು ನಿಮಿಷ, ಮುಂದೆ ಹೆಚ್ಚೆಂದರೆ ಹತ್ತು. ತೂಕಡಿಸಿದರೆ ಮಲಗಲು ಬಿಡಿ. ಮೊಬೈಲ್ ಆ್ಯಪ್‌ಗಳನ್ನು ನಾನು ಒಪ್ಪುವುದಿಲ್ಲ: ಅವುಗಳ ದನಿ ಎದುರಿಗಿರುವವರನ್ನು ನೋಡದೆ ಮುಂದಕ್ಕೆ ಓಡುತ್ತದೆ, ಕೊನೆಯಲ್ಲಿ ಬಾರಿಸುವ ಗಂಟೆಯ ಸದ್ದಿಗೆ ಹಿರಿಯರು ಬೆಚ್ಚಿಬೀಳುತ್ತಾರೆ.

ಬೇಡವೆಂದ ದಿನ ಒತ್ತಾಯಿಸದೆ, ಅದೇ ಹೊತ್ತಿಗೆ ನೀವೊಬ್ಬರೇ ಲೋಟ ಹಿಡಿದು ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಿ; ನಮ್ಮ ತಾಯಿ ಎಷ್ಟೋ ಸಲ ತಾವಾಗಿಯೇ ಬಂದು ಕುಳಿತಿದ್ದಾರೆ. ಆದರೆ ಕೂತಾಗಲೆಲ್ಲ ಅಳು, ಭಯ ಹೆಚ್ಚುತ್ತಿದ್ದರೆ ಅಥವಾ ಇಲ್ಲದವರು ಕಾಣುತ್ತಾರೆಂದು ಅವರು ಹೇಳತೊಡಗಿದರೆ, ಅಭ್ಯಾಸವನ್ನು ನಿಲ್ಲಿಸಿ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ವೈದ್ಯರಿಗೆ ತಿಳಿಸಿ.